ಅರ್ತ್ ಗುಂಡಿಗೆ ಎರಡು ಕೊಡ ನೀರು

ಆಗ ನನಗೆ ಹದಿಮೂರು. ಅದಾಗಿ ಈಗ ಐವತ್ತೆರಡು ವರ್ಷ ಆಯಿತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಒತ್ತಕ್ಷರ ಈಗಲೂ ತಪ್ಪುತ್ತೆ. ಆದರೆ ಕರೆಂಟಿನ ವಿಷಯದಲ್ಲಿ ನನಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಇಲ್ಲ. ಹೋದ ವರ್ಷ ನಮ್ಮ ಬೋರ್‌ವೆಲ್ಲಿಗೆ ಹೊಸ ಸ್ಟಾರ್ಟರ್ ಕೂರಿಸಿದವನು ಎಲ್ಲ ಸರಿಯಾಗಿದೆ ಅಂತ ಕೈ ಒರೆಸಿಕೊಂಡ. ಡಬ್ಬಿ ಮೇಲೆ ಟೆಸ್ಟರ್ ಇಟ್ಟು ತೋರಿಸಪ್ಪ ಅಂದೆ. ಇಟ್ಟ. ಟೆಸ್ಟರಿನ ಹೊಟ್ಟೆ ಕೆಂಪಗೆ ಹತ್ತಿಕೊಂಡಿತು. ಲೀಕೇಜ್ ಇದೆ, ಅರ್ತ್ ಎಲ್ಲಿ ಕೊಟ್ಟಿದ್ದೀಯ ಅಂತ ಕೇಳಿದ್ದಕ್ಕೆ ನನ್ನ ಮುಖ ನೋಡಿದ. ಎಲ್ಲಿ ಕಲಿತ್ರಿ ಅಂದ. ಕಾಫಿ ಕೊಟ್ಟು ಕಳಿಸಿದೆ, ಹೇಳಲಿಲ್ಲ. ಅದನ್ನು ಹೇಳೋಕೆ ಹೋದರೆ ನಮ್ಮ ಕೆಂದಿ ಹಸು ಸತ್ತಿದ್ದನ್ನೂ ಹೇಳಬೇಕಾಗುತ್ತೆ.

ನಮ್ಮ ಮನೆ ಬಿಳಿಕೆರೆಯಲ್ಲಿ, ಮೈಸೂರಿಂದ ಹುಣಸೂರಿಗೆ ಹೋಗೋ ರಸ್ತೆಗೇ ಮುಖ ಹಾಕಿಕೊಂಡಿತ್ತು. ಬಸ್ಸು ಹೋದರೆ ಹೆಂಚಿನ ಸಂದಿಯಿಂದ ಧೂಳು ಉದುರಿ ಸಾರಿಗೆ ಬೀಳೋದು. ಮುಂದೆ ಜಗುಲಿ, ಆಮೇಲೆ ಪಡಸಾಲೆ, ಹಿಂದೆ ಕತ್ತಲೆ ಅಡಿಗೆಮನೆ. ಇವುಗಳ ಪಕ್ಕಕ್ಕೆ ಮುಂದಿನಿಂದ ಹಿಂದಿನ ತನಕ ಒಂದು ಉದ್ದನೆ ಕೋಣೆ. ಆ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯೋದು, ಅದಕ್ಕೆ ಮೂರು ಕಬ್ಬಿಣದ ಸರಳು. ಹಿತ್ತಲಲ್ಲಿ ಬಾವಿ, ಬಚ್ಚಲು, ಕೊಟ್ಟಿಗೆ. ಮನೆಯಲ್ಲಿ ಐದು ಜನ ಇದ್ದೆವು. ಅಜ್ಜಿ ಅಂದರೆ ಅಪ್ಪನ ಅವ್ವ, ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ. ಮುದ್ದೆ ಕಟ್ಟೋಳು ಅವ್ವ, ಯಾರ ತಟ್ಟೆಗೆ ಎಷ್ಟು ದೊಡ್ಡ ಮುದ್ದೆ ಅಂತ ಹೇಳೋಳು ಅಜ್ಜಿ. ಅಪ್ಪ ಹೊಲದಿಂದ ಬಂದು ಕಾಲು ತೊಳೆದು ಕೂತರೆ ಅವನಿಗೆ ದೊಡ್ಡದು. ಕೋಣೆಯಿಂದ ಎದ್ದು ಬಂದ ಚಿಕ್ಕಪ್ಪನಿಗೂ ಅಷ್ಟೇ ದೊಡ್ಡದು ಬಿದ್ದರೆ ಅಪ್ಪ ಉಪ್ಪೆಸರಿನ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಕೆಳಗಿಡೋನು. ನಮ್ಮ ಮನೆಯಲ್ಲಿ ಜಗಳ ಹೆಚ್ಚಾಗಿ ಆ ಸದ್ದಿನಷ್ಟೇ ಇರೋದು.

ಚಿಕ್ಕಪ್ಪ ಮಿಲಿಟರಿಯಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದಿದ್ದ. ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದ. ಬಂದವನು ಉದ್ದನೆ ಕೋಣೆಯಲ್ಲಿ ರೇಡಿಯೋ ರಿಪೇರಿ ಇಟ್ಟುಕೊಂಡ. ಹುಣಸೂರು, ಕೃಷ್ಣರಾಜನಗರದ ಕಡೆಯಿಂದ ಜನ ರೇಡಿಯೋನ ಟವೆಲ್ಲಿನಲ್ಲಿ ಸುತ್ತಿ, ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಸ್ಸಿಳಿಯೋರು. ಬಿಚ್ಚಿದರೆ ಒಳಗೆ ಇಲಿಮರಿ ಇರೋದು. ಚಿಕ್ಕಪ್ಪನ ಉಳಿದ ಕಿವಿಗೆ ಕೀಚಲು ಸದ್ದು ಚೆನ್ನಾಗಿ ಸಿಗೋದು, ಗುಂಯ್ ಅನ್ನೋ ದಪ್ಪ ಸದ್ದು ಸಿಗುತ್ತಿರಲಿಲ್ಲ. ಕೆಟ್ಟ ರೇಡಿಯೋ ಆ ಗುಂಯ್ ಅನ್ನೋದನ್ನೇ ಜಾಸ್ತಿ ಮಾಡುತ್ತೆ. ಅದಕ್ಕೆ ಹಮ್ ಅಂತ ಹೆಸರು. ಹಾಗಾಗಿ ರಿಪೇರಿ ಮುಗಿದ ಮೇಲೆ ನನ್ನನ್ನು ಕೂಗೋನು.

"ಪುಟ್ತಾಯಿ, ಬಾ ಇಲ್ಲಿ. ಹಮ್ ಐತಾ ನೋಡು."

"ಐತೆ ಕಣ್ ಚಿಕ್ಕಪ್ಪ. ಜೇನುಳ ಕುಂತಂಗೈತೆ."

"ಅಂಗಾದ್ರೆ ಕಂಡೆನ್ಸರ್ ಹೋಗೈತೆ. ಆ ಈಯದ ಕಡ್ಡಿ ತಕ್ಕೊಡು."

ಅವನಿಗೆ ಕಿವಿ ಬೇಕಿತ್ತು, ನನಗೆ ಸಗಣಿ ಬಾಚೋದು ತಪ್ಪಬೇಕಿತ್ತು. ಶುರುವಾಗಿದ್ದು ಅಷ್ಟಕ್ಕೇ. ಆದರೆ ಆ ಕೋಣೆಯ ಮಾತುಗಳೇ ನನಗೆ ಐದನೇ ಕ್ಲಾಸೂ ಆದವು, ಆರನೇ ಕ್ಲಾಸೂ ಆದವು. ಕಂಡೆನ್ಸರ್ ಅಂದರೆ ಪ್ಲಗ್ ಕಿತ್ತು ಎಷ್ಟೋ ಹೊತ್ತಾದ ಮೇಲೂ ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತೆ, ಮುಟ್ಟಿದವರಿಗೆ ಹೊಡೆಯುತ್ತೆ. ಅಜ್ಜಿ ಕಂಡೆನ್ಸರ್ ಕಣವ್ವ ಅಂತ ನಾನು ಒಲೆ ಮುಂದೆ ಹೇಳಿದಾಗ ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು. ಅವ್ವ ಹಾಗೆ ನಕ್ಕಿದ್ದು ನನಗೆ ನೆನಪಿರೋದು ಅದೊಂದೇ ಸಲ. ರೆಸಿಸ್ಟೆನ್ಸ್ ಅಂದರೆ ಬಳೆ ತೊಟ್ಟ ಕಡ್ಡಿ. ಅದರ ಬಳೆಗಳ ಬಣ್ಣ ನೋಡಿಯೇ ಅದು ಕರೆಂಟನ್ನು ಎಷ್ಟು ತಡೆಯುತ್ತೆ ಅಂತ ಹೇಳಬಹುದು. ಹನ್ನೆರಡು ವರ್ಷಕ್ಕೇ ನಾನು ಹೇಳುತ್ತಿದ್ದೆ. ಡ್ರೈ ಸಾಲ್ಡರ್ ಅಂದರೆ ಈಯ ಹಾಕಿದ್ದು ಕಣ್ಣಿಗೆ ಅಂಟಿಕೊಂಡ ಹಾಗೆ ಕಾಣುತ್ತೆ, ಒಳಗೆ ಹಿಡಿದಿರುವುದಿಲ್ಲ, ಒಂದು ಏಟು ತಟ್ಟಿದರೆ ಬಿಡುತ್ತೆ. ಅಪ್ಪನೂ ಚಿಕ್ಕಪ್ಪನೂ ಅಕ್ಕಪಕ್ಕ ಉಣ್ಣೋಕೆ ಕೂತಾಗ ನನಗೆ ಆ ಮಾತು ಬರೋದು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ರಿಪೇರಿ ಅವನ ಹೊಟ್ಟೆಪಾಡು. ಜೀವ ಇದ್ದದ್ದು ಮೂಲೆಯಲ್ಲಿದ್ದ ಇನ್ನೊಂದು ಪೆಟ್ಟಿಗೆಯಲ್ಲಿ. ತಗಡಿನ ಪೆಟ್ಟಿಗೆ, ಅವನೇ ಕೈಯಾರ ಕಟ್ಟಿದ್ದು. ಅದಕ್ಕೆ ಸರ್ಕಾರದ ಲೈಸೆನ್ಸು ಇತ್ತು. ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತು ಹಾಕಿದ್ದ. ಈ ಚಟ ಇರೋರಿಗೆ ಹ್ಯಾಮ್ ಅಂತಾರೆ ಅಂತ ಹೇಳೋನು. ಬೆಳಿಗ್ಗೆ ಹಾಲು ಕರೆಯೋ ಹೊತ್ತಿಗೆ ಕೂತರೆ ಒಂದು ಗಂಟೆ ಕೀ ಬಡಿಯೋನು. ಕೀ ಅಂದರೆ ಒಂದು ಹಿತ್ತಾಳೆ ತುಂಡು. ಚೂರು ಒತ್ತಿದರೆ ಡಿ ಅನ್ನುತ್ತೆ, ಎಳೆದು ಒತ್ತಿದರೆ ಡಾ ಅನ್ನುತ್ತೆ. ಅಷ್ಟರಲ್ಲೇ ಎಲ್ಲ ಅಕ್ಷರ. ಯಾವುದೋ ದೇಶದಲ್ಲಿ ಕೂತವನು ಅದನ್ನು ಕೇಳಿಸಿಕೊಂಡು ತಿರುಗಿ ಬಡಿಯೋನು. ಎರಡು ತಿಂಗಳಿಗೋ ಮೂರು ತಿಂಗಳಿಗೋ ಪೋಸ್ಟಿನಲ್ಲಿ ಒಂದು ಬಣ್ಣದ ಕಾರ್ಡು ಬರೋದು, ನಿನ್ನ ಸದ್ದು ನನಗೆ ಮುಟ್ಟಿತು ಅಂತ. ಅಂಥ ಕಾರ್ಡುಗಳನ್ನು ಗೋಡೆ ತುಂಬ ಅಂಟಿಸಿದ್ದ.

"ಮದ್ವೆ ಆಗಿದ್ರೆ ಅತ್ರದೋಳ್ ಜೊತೆ ಮಾತಾಡ್ಬೌದಿತ್ತು ಕಣ್ಲಾ," ಅನ್ನೋಳು ಅಜ್ಜಿ. "ಅದ್ ಬುಟ್ಟು ಮಕ ಕಾಣ್ದೋರ್ ಕುಟೆ ಟಿಕಿಟಿಕಿ ಅಂತ ಕುಂತವ್ನೆ."

ಚಿಕ್ಕಪ್ಪ ನನಗೆ ಒಂದಷ್ಟು ಮಾತು ಕಲಿಸಿದ್ದ. ಇಂಗ್ಲಿಷ್ ಅಕ್ಷರ ನನಗೆ ಗೊತ್ತಿರಲಿಲ್ಲ, ಹಾಡು ಕಲಿತ ಹಾಗೆ ರಾಗದಲ್ಲೇ ಕಲಿತೆ. ಅರ್ತ್ ಅನ್ನೋದಕ್ಕೆ ಒಂದು ರಾಗ. ಸೆವೆಂಟಿ ತ್ರೀ ಅನ್ನೋದಕ್ಕೆ ಎರಡು ಡಾ ಮೂರು ಡಿ, ಮೂರು ಡಿ ಎರಡು ಡಾ. ಒಳ್ಳೇದಾಗಲಿ ಅಂತ ಅದರ ಲೆಕ್ಕ, ಹೊರಡುವಾಗ ಬಡಿಯೋದು. ಎಲ್ಲಕ್ಕಿಂತ ಸಣ್ಣದು ಆರ್. ಡಿ ಡಾ ಡಿ. ಕೇಳಿಸಿಕೊಂಡೆ ಅಂತ.

"ಆರ್ ಕೊಟ್ ಮ್ಯಾಲೆ ಕೇಳುಸ್ನಿಲ್ಲ ಅನ್ನಂಗಿಲ್ಲ ಕಣಮ್ಮಿ," ಅಂತ ಬೆರಳು ಎತ್ತಿ ಹೇಳಿದ್ದ. "ಸಮುದ್ರದಿಂದಾಚೆಗಿರೋನೂ ಅದುನ್ನ ನಡುಸ್ತಾನೆ. ಇದ್ರಾಗೆ ಇರೋ ಮರ್ವಾದೆ ಅದೊಂದೆ."

ಆ ಪೆಟ್ಟಿಗೆಯಲ್ಲಿ ಒಂದು ರೋಗ ಇತ್ತು. ಟ್ರಾನ್ಸ್‌ಫಾರ್ಮರ್ ಹಳೇದು, ಅದರಿಂದ ಕರೆಂಟು ತಗಡಿಗೆ ಜಿನುಗೋದು. ಅದೇ ಲೀಕೇಜ್. ಒಂದು ದಿನ ಅರ್ತ್ ವೈರು ಬಿಚ್ಚಿ, ತಗಡಿನ ಮೇಲೆ ಟೆಸ್ಟರ್ ಇಟ್ಟು ನನಗೆ ತೋರಿಸಿದ. ಕೆಂಪಗೆ ಉರಿಯಿತು. ವೈರು ಸಿಕ್ಕಿಸಿದ. ಆರಿತು. ಜಿನುಗಿದ್ದು ವೈರಿನಲ್ಲಿ ಹರಿದು ನೆಲ ಸೇರಿಬಿಡುತ್ತೆ, ನೆಲ ಹಸಿ ಇದ್ದರೆ. ಹೊಸ ಟ್ರಾನ್ಸ್‌ಫಾರ್ಮರನ್ನು ಮೈಸೂರಿಂದ ತರ್ತೀನಿ, ಮುಂದಿನ ವಾರ ತರ್ತೀನಿ ಅನ್ನೋನು. ಆ ವಾರ ಬರಲಿಲ್ಲ. ಅರ್ತಿಗೆ ಅಂತ ಹಿತ್ತಲಲ್ಲಿ ಕಿಟಕಿಗೆ ಹತ್ತು ಹೆಜ್ಜೆ ದೂರಕ್ಕೆ ಆಳುದ್ದ ಗುಂಡಿ ತೆಗೆದು, ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದ್ದ. ಪೈಪಿನ ತಲೆ ಗೇಣುದ್ದ ಮೇಲೆ ಕಾಣೋದು. ದಿನಾ ಬೆಳಿಗ್ಗೆ ಆ ಗುಂಡಿಗೆ ಎರಡು ಕೊಡ ನೀರು ಹುಯ್ಯೋದು ನನ್ನ ಕೆಲಸ. ಬೇಸಿಗೆಯಲ್ಲಂತೂ ಒಂದು ದಿನ ತಪ್ಪಿಸೋ ಹಾಗಿಲ್ಲ. ಇನ್ನೊಂದು ಕಾಟ ಏನೆಂದರೆ, ಉಪ್ಪು ಇದ್ದ ಕಡೆ ದನ ನೆಕ್ಕೋಕೆ ಬರುತ್ತೆ. ಅದಕ್ಕೇ ನಾನು ಗುಂಡಿ ಸುತ್ತ ಜಾಲಿ ಮುಳ್ಳು ಒತ್ತಿಸಿದ್ದೆ. ಕೆಂದಿ ಆದರೂ ದಿನಾ ಹಾಲು ಕರೆಸಿಕೊಂಡ ಮೇಲೆ ನೇರ ಅಲ್ಲಿಗೇ ಬಂದು, ಮುಳ್ಳಿನಾಚೆ ನಿಂತು ನಾಲಿಗೆ ಚಾಚೋಳು. ಓಡಿಸೋದೂ ನನ್ನ ಕೆಲಸವೇ.

ಆ ಬೇಸಿಗೆಯಲ್ಲಿ ನಾನು ಮೈನೆರೆದೆ. ಅಜ್ಜಿಗೆ ಸಂಭ್ರಮ. ಸೋದರಮಾವನಿಗೆ ಹೇಳಿ ಕಳಿಸಿದರು. ಹಂಪಾಪುರದಿಂದ ಬಂದ ಮಾವ ತೆಂಗಿನ ಗರಿ, ಅತ್ತಿ ಸೊಪ್ಪು ಹೊತ್ತು ತಂದು, ನಮ್ಮ ಕಡೆ ಪದ್ಧತಿಯ ಹಾಗೆ ಹಿತ್ತಲಲ್ಲಿ ಸೊಪ್ಪಿನ ಗುಡ್ಲು ಕಟ್ಟಿದ. ಹಿತ್ತಲಲ್ಲಿ ಖಾಲಿ ಜಾಗ ಇದ್ದದ್ದು ಗುಂಡಿಯ ಪಕ್ಕ ಮಾತ್ರ. ಆರತಿ ಮಾಡೋಕೆ ಬರೋ ಹೆಂಗಸರ ಸೀರೆಗೆ ಸಿಕ್ಕಿಕೊಳ್ಳುತ್ತೆ ಅಂತ ಜಾಲಿ ಮುಳ್ಳನ್ನೆಲ್ಲ ಕಿತ್ತು ಬೇಲಿಗೆ ಎಸೆದ. ಬೇಡ ಮಾವ ಅಂದೆ. ಹೆಣ್ಣುಕೂಸು ಒಳಕ್ಕೆ ಕೂತ್ಕೋ ಅಂದ. ಏಳು ದಿನ ಒಳಗಿರಬೇಕು. ಒಂದು ಚಾಪೆ, ಒಂದು ಚೊಂಬು, ಒಂದು ಅಲ್ಯುಮಿನಿಯಂ ತಟ್ಟೆ, ಗಾಳಿ ಸೋಕದಿರಲಿ ಅಂತ ಪಕ್ಕದಲ್ಲಿ ಒಂದು ಕುಡುಗೋಲು. ಗುಡ್ಲು ಬಾಗಿಲಿಗೆ ಅಜ್ಜಿ ಬೂದಿಯಲ್ಲಿ ಗೆರೆ ಎಳೆದಳು.

"ಈ ಗೆರೆ ದಾಟ್ಕೂಡ್ದು ಕಣಮ್ಮಿ. ಬಾವಿ ಮುಟ್ಕೂಡ್ದು, ದನ ಮುಟ್ಕೂಡ್ದು. ಗಂಡಸ್ರ ಮಕ ನೋಡ್ಕೂಡ್ದು."

"ಗುಂಡಿಗ್ ನೀರು ಯಾರ್ ಉಯ್ತಾರಜ್ಜಿ?"

"ಅದೇನ್ ತುಳ್ಸಿ ಗಿಡವಾ? ಏಳ್ ದಿನ ಉಯ್ದೆ ಇದ್ರೆ ಒಣಗೋಗಲ್ಲ ಬುಡು."

ಒಣಗೇ ಒಣಗುತ್ತೆ ಅಂದೆ. ಬಂದ ಹೆಂಗಸರು ನಕ್ಕರು. ತಂಬಿಟ್ಟು, ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸಿದರು, ಸೋಬಾನೆ ಹಾಡಿದರು. ನಾನು ಪೈಪಿನ ಸುತ್ತ ಮಣ್ಣು ಬಿಳಿಚಿಕೊಳ್ಳೋದನ್ನೇ ನೋಡುತ್ತಾ ಕೂತಿದ್ದೆ. ಅವ್ವ ಊಟ ತಂದು ದೂರದಿಂದಲೇ ನೀಡಿದಾಗ, ನೀನಾದ್ರೂ ಒಂದು ಕೊಡ ಹುಯ್ಯವ್ವ ಅಂದೆ. ಅವ್ವ ಅಡಿಗೆಮನೆ ಕಡೆ ತಿರುಗಿ ನೋಡಿದಳು. ಗುಂಡಿ ನನ್ನ ಗುಡ್ಲಿಗೆ ತಾಗಿಕೊಂಡಿದೆ, ಅಲ್ಲಿಗೆ ಬಂದರೆ ಮೈಲಿಗೆ, ಮತ್ತೆ ಸ್ನಾನ ಮಾಡದೆ ಒಲೆ ಮುಟ್ಟಬಾರದು. ಮತ್ತೆ ಯಾಕೆ ಸ್ನಾನ ಅಂತ ಅಜ್ಜಿ ಕೇಳಿದರೆ ಏನು ಹೇಳೋಳು ಅವಳು? ಖಾಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಎರಡನೇ ದಿನ ನನ್ನ ಕುಡಿಯೋ ಚೊಂಬಿನ ನೀರನ್ನೇ ಗೆರೆ ಒಳಗಿನಿಂದ ಕೈ ಚಾಚಿ ಗುಂಡಿಗೆ ಹುಯ್ದೆ. ಅಜ್ಜಿ ಕಂಡುಬಿಟ್ಟಳು. ಮುಟ್ಟಾದೋಳ ನೀರನ್ನು ಭೂಮ್ತಾಯಿಗೆ ಹುಯ್ತೀಯಾ ಅಂತ ಹಂಚಿಕಡ್ಡಿಯಲ್ಲಿ ಕಾಲಿಗೆ ಬಾರಿಸಿದಳು. ಆಮೇಲೆ ಚೊಂಬಿಗೆ ಅರ್ಧವೇ ನೀರು ಬರತೊಡಗಿತು.

ಮೂರನೇ ದಿನ ಸಂಜೆ ಚಿಕ್ಕಪ್ಪ ಕೋಣೆಯಲ್ಲಿ ಕೆಮ್ಮಿದ್ದು ಕೇಳಿಸಿತು. ಗಂಡಸರು ಹಿತ್ತಲಿಗೆ ಬರುವ ಹಾಗಿಲ್ಲ, ನಾನು ಕೂಗುವ ಹಾಗಿಲ್ಲ. ತಟ್ಟೆ ಬೋರಲು ಹಾಕಿಕೊಂಡು ಕುಡುಗೋಲು ತಗೊಂಡೆ. ಡಿಗೆ ಒಂದು ಏಟು ಕುಟ್ಟಿದೆ, ಡಾಗೆ ತುದಿಯಿಂದ ಪರಪರ ಗೀಚಿದೆ. ಅಲ್ಯುಮಿನಿಯಂ ಗೀಚಿದ ಕೀಚಲು ಸದ್ದು ಅವನ ಕಿವಿಗೆ ಸಿಕ್ಕೇ ಸಿಗುತ್ತೆ ಅಂತ ಗೊತ್ತಿತ್ತು. ಅರ್ತ್, ಅರ್ತ್, ಅರ್ತ್. ಮೂರು ಸಲ. ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿಗೆ ಕಿಟಕಿ ಸರಳಿನ ಮೇಲೆ ಸ್ಕ್ರೂಡ್ರೈವರ್ ಸದ್ದು. ಕುಟ್ಟಿದ, ಗೀಚಿದ, ಕುಟ್ಟಿದ. ಡಿ ಡಾ ಡಿ.

ಕೇಳಿಸಿಕೊಂಡ. ಇನ್ನೇನು ಬೇಕು? ಅವ್ವನಿಗೆ ಹೇಳಿ ನೀರು ಹುಯ್ಯಿಸುತ್ತಾನೆ, ಇಲ್ಲದಿದ್ದರೆ ಇನ್ನು ನಾಲ್ಕು ದಿನ ಪೆಟ್ಟಿಗೆ ಮುಟ್ಟದೆ ಸುಮ್ಮನಿರುತ್ತಾನೆ. ಹಾಗಂದುಕೊಂಡು ತಟ್ಟೆ ಮಗುಚಿ ಮುದ್ದೆಗೆ ಕಾದು ಕೂತೆ. ಮೂರು ದಿನದಲ್ಲಿ ಹೊಟ್ಟೆ ತುಂಬ ಉಂಡಿದ್ದು ಅವತ್ತೇ.

ನಾಲ್ಕನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಕೋಣೆಯಿಂದ ಹಮ್ ಬರುತ್ತಿತ್ತು. ಪೆಟ್ಟಿಗೆ ಹಾಕಿದ್ದಾನೆ. ಗುಂಡಿ ನೋಡಿದೆ, ಮಣ್ಣು ಬಿರುಕು ಬಿಟ್ಟಿತ್ತು, ಒಂದು ಹನಿ ನೀರು ಬಿದ್ದಿಲ್ಲ. ಅವ್ವ ಹಾಲು ಕರೆದು, ಕೆಂದಿಯ ಹಗ್ಗ ಬಿಚ್ಚಿ, ತಂಬಿಗೆ ಹಿಡಿದು ಒಳಗೆ ಹೋದಳು. ಕೆಂದಿ ನೇರ ಇತ್ತ ಬಂದಳು. ಮುಳ್ಳಿರಲಿಲ್ಲ. ಹಿಂದಿನ ದಿನಗಳಲ್ಲಿ ಗುಡ್ಲಿಂದ ಗದರಿಸಿದರೆ ತಿರುಗಿ ಹೋಗುತ್ತಿದ್ದಳು. ನಾನು ಹೈ ಹೈ ಅಂದೆ, ತಟ್ಟೆ ಎಸೆದೆ. ಎದ್ದೆ. ಬಾಗಿಲ ತನಕ ಹೋದೆ. ಅಲ್ಲಿ ಬೂದಿ ಗೆರೆ ಇತ್ತು. ನಾನು ನಿಂತೆ. ಈ ಒಂದು ವಿಷಯದಲ್ಲಿ ನನ್ನ ತಪ್ಪು ಎಷ್ಟು ಅಂತ ಐವತ್ತೆರಡು ವರ್ಷದಿಂದ ಅಳೆಯುತ್ತಿದ್ದೇನೆ, ಪ್ರತಿ ಸಲ ಬೇರೆ ಬೇರೆ ಬರುತ್ತೆ. ಹಗ್ಗ ನನ್ನಿಂದ ಮೂರು ಮೊಳ ದೂರದಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಕೆಂದಿ ಬಂದವಳೇ ಗಂಜಲ ಹುಯ್ದು, ಆ ಕೆಸರಲ್ಲಿ ನಾಲ್ಕೂ ಕಾಲು ಊರಿ, ಪೈಪಿನ ತಲೆಗೆ ನಾಲಿಗೆ ಹಾಕಿದಳು. ಕೂಗಲೂ ಇಲ್ಲ. ಮುಂಗಾಲು ಮಡಚಿ ಧೊಪ್ಪನೆ ಬಿದ್ದಳು. ಮೈ ಅದುರುತ್ತಲೇ ಇತ್ತು.

"ಚಿಕ್ಕಪ್ಪ," ಅಂತ ಕೂಗಿದೆ. ಅಷ್ಟೇ ಕೂಗಿದ್ದು. ಬೇರೆ ಏನೂ ಹೇಳಲಿಲ್ಲ.

ಟಕ್ ಅಂತ ಸ್ವಿಚ್ಚು ಆರಿಸಿದ ಸದ್ದು ಬಂತು. ಹಮ್ ನಿಂತಿತು. ಕೆಂದಿಯ ಮೈ ಅದುರೋದೂ ನಿಂತಿತು.

ಹೊಲಕ್ಕೆ ಹೊರಟಿದ್ದ ಅಪ್ಪ ಓಡಿ ಬಂದ. ಆ ಹೊತ್ತಿಗೆ ಮೈಲಿಗೆ ಗಿಲಿಗೆ ಯಾರಿಗೂ ನೆನಪಿರಲಿಲ್ಲ, ಎಲ್ಲರೂ ಹಿತ್ತಲಲ್ಲೇ ನಿಂತಿದ್ದರು. ಕರು ಕೊಟ್ಟಿಗೆಯಲ್ಲಿ ಅರಚುತ್ತಿತ್ತು. ಅಪ್ಪ ಕೆಂದಿಯ ಮುಖ ನೋಡಿದ, ಪೈಪು ನೋಡಿದ, ಪೈಪಿನಿಂದ ಕಿಟಕಿಗೆ ಹೋಗಿದ್ದ ವೈರನ್ನು ಕಣ್ಣಲ್ಲೇ ಹಿಡಿದುಕೊಂಡು ಹೋಗಿ ಚಿಕ್ಕಪ್ಪನ ಮುಖದ ಮೇಲೆ ಕಣ್ಣು ನಿಲ್ಲಿಸಿದ.

"ನಿನ್ ಪೆಟ್ಟಿಗೆ ಕರೆಂಟು ಇದ್ರಾಗ್ ಬಂದೈತೇನ್ಲಾ? ಅಂಗೇನಾದ್ರೂ ಆಗಿದ್ರೆ ಇವತ್ತೆ ಅದುನ್ನ ರಸ್ತೆಗ್ ಎಸೀತೀನಿ. ನಿಜ ಏಳು."

ಚಿಕ್ಕಪ್ಪ ಕೆಂದಿಯ ಕೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ಇಲ್ಲ ಕಣಣ್ಣ. ಪೆಟ್ಟಿಗೆ ಸರಿಯಾಗೈತೆ. ಅರ್ತಲ್ಲಿ ಕರೆಂಟ್ ಇರಲ್ಲ."

ಅದು ಅರ್ಧ ನಿಜ. ನೆಲ ಹಸಿ ಇದ್ದರೆ ಇರೋದಿಲ್ಲ. ನಾನು ಗೆರೆ ಒಳಗೆ ನಿಂತುಕೊಂಡೇ ಅಂದೆ.

"ಗುಂಡಿ ಒಣಗಿತ್ತು ಅಪ್ಪ. ನೆನ್ನೆ ತಟ್ಟೆ ಕುಟ್ಟಿ ಏಳಿದ್ದೆ. ಚಿಕ್ಕಪ್ಪ ಆರ್ ಕೊಡ್ತು."

"ಏನ್ ಕೊಡ್ತು?"

"ಕೇಳುಸ್ಕೊಂಡೆ ಅಂತ ಕಿಟ್ಕಿ ಕುಟ್ತು. ಕೇಳು ಬೇಕಾದ್ರೆ."

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಅವನು ನನ್ನನ್ನು ನೋಡಲಿಲ್ಲ. ಕೆಂದಿಯ ಕಿವಿ ಹತ್ತಿರ ಕೂತಿದ್ದ ನೊಣ ಓಡಿಸಿದ.

"ಕೂಸು ಬ್ಯಾಸರಕ್ಕೆ ತಟ್ಟೆ ಬಡ್ಕೊಂಡ್ ಕುಂತಿತ್ತು. ನಂಗೇನ್ ಗೊತ್ತಾದದು? ಒಂದ್ ಕಿವಿ ಬ್ಯಾರೆ ಇಲ್ಲ."

ಅಜ್ಜಿ ಮುಂದೆ ಬಂದಳು. ನನಗೆ ಚೆನ್ನಾಗಿ ನೆನಪಿದೆ, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂಥರಾ ನಿರಾಳ ಇತ್ತು.

"ಇನ್ನೇನ್ಲಾ ಕೇಳೀಯೆ? ಮುಟ್ಟಾದೋಳು ಬ್ಯಾಡ ಬ್ಯಾಡ ಅಂದ್ರೂ ಗುಂಡಿಗ್ ನೀರ್ ಉಯ್ದವ್ಳೆ. ಅದುನ್ನ ನೆಕ್ತು, ಸತ್ತೋಯ್ತು. ಅಸುಗೆ ಇವ್ಳ ಮೈಲಿಗೆ ತಾಕೈತೆ. ಪೆಟ್ಟಿಗೆ ಏನ್ ಮಾಡ್ತದೆ?"

ಅಪ್ಪ ಹಸು ಎಳೆಯೋಕೆ ಜನ ಕರೆಯಲು ಹೊರಟ. ಪೆಟ್ಟಿಗೆ ಸರಿ ಇದ್ದರೆ, ಕೂಗಿದ ತಕ್ಷಣ ಓಡಿ ಬರೋದು ಬಿಟ್ಟು ಅದನ್ನು ಯಾಕೆ ಆರಿಸಿದೆ ಅಂತ ಚಿಕ್ಕಪ್ಪನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ಹೊಳೆಯಲಿಲ್ಲ. ಹೊಳೆದಿದ್ದು ಅವತ್ತು ಮಧ್ಯಾಹ್ನ, ನಾಲ್ಕು ಜನ ಸೇರಿ ಕೆಂದಿಯನ್ನು ಹೊಲಕ್ಕೆ ಎಳೆದುಕೊಂಡು ಹೋದ ಮೇಲೆ, ಹಿತ್ತಲಲ್ಲಿ ಆ ಎಳೆದ ಗುರುತು ನೋಡುತ್ತಾ ಕೂತಿದ್ದಾಗ. ನನ್ನ ಮೈಲಿಗೆಯಿಂದ ಹಸು ಸತ್ತಿತು ಅಂತಾದರೆ ಪೆಟ್ಟಿಗೆ ಉಳಿಯುತ್ತೆ. ಲೀಕೇಜಿನಿಂದ ಸತ್ತಿತು ಅಂತಾದರೆ ಪೆಟ್ಟಿಗೆ ರಸ್ತೆಗೆ ಹೋಗುತ್ತೆ. ಅವನು ಪೆಟ್ಟಿಗೆಯನ್ನು ಉಳಿಸಿಕೊಂಡ. ಸಂಜೆ ಅಜ್ಜಿ ಇನ್ನೊಂದು ಮಾತು ಹೇಳಿ ಹೋದಳು: ಏಳಲ್ಲ, ಹನ್ನೊಂದು ದಿನ ಗುಡ್ಲಲ್ಲಿರಬೇಕು, ಆಮೇಲೂ ಆ ಕೋಣೆಗೆ ಕಾಲಿಡಬಾರದು. ಕಿಟಕಿಯಾಚೆ ಚಿಕ್ಕಪ್ಪ ಇದ್ದ, ಕೇಳಿಸಿಕೊಂಡ. ಅದಕ್ಕೂ ಏನೂ ಅನ್ನಲಿಲ್ಲ. ಅವನು ಸತ್ತು ಬಹಳ ವರ್ಷ ಆಯಿತು. ಸಾಯೋ ತನಕ ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಕೆಟ್ಟವನು ಅಂತ ನಾನು ಹೇಳೋದಿಲ್ಲ. ಡ್ರೈ ಸಾಲ್ಡರ್. ಅಂಟಿಕೊಂಡ ಹಾಗೆ ಕಾಣುತ್ತಿತ್ತು, ಒಂದು ಏಟು ಬಿದ್ದಾಗ ಬಿಟ್ಟಿತು.

ಮಾರನೇ ದಿನ ಬೆಳಿಗ್ಗೆ ಮತ್ತೆ ಹಮ್ ಕೇಳಿಸಿತು. ಒಂದು ದಿನ ಕೂಡ ತಡೆದುಕೊಂಡಿರಲಿಲ್ಲ. ಕರುವನ್ನು ಅವ್ವ ಬಾವಿ ಕಟ್ಟೆ ಹತ್ತಿರ ಬಿಟ್ಟಿದ್ದಳು, ಅದು ತಾಯಿ ಬಿದ್ದ ಜಾಗದ ವಾಸನೆ ಹಿಡಿಯುತ್ತಾ ಗುಂಡಿ ಕಡೆಗೇ ಬರುತ್ತಿತ್ತು. ನಾನು ಎದ್ದೆ. ಗೆರೆ ದಾಟಿದೆ. ಕಾಲಿಗೆ ಬೂದಿ ಹತ್ತಿತು, ಅಷ್ಟೇ. ಕರುವಿನ ಕೊರಳು ಹಿಡಿದು ಎಳೆದುಕೊಂಡು ಹೋಗಿ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದೆ. ಬಾವಿ ಕಟ್ಟೆ ಮೇಲೆ ಅಜ್ಜಿಯ ಮಡಿ ಕೊಡ ಇತ್ತು, ಅದನ್ನೇ ಇಳಿಸಿ ನೀರು ಸೇದಿದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು, ಬಾವಿ ಕೆಡುಸ್ದೆಯಲ್ಲೇ ರಂಡೆ ಅಂತ ಎದೆ ಬಡಿದುಕೊಂಡಳು. ಅವ್ವ ಅವಳ ಹಿಂದೆ ಬಾಯಿ ತೆರೆದುಕೊಂಡು ನಿಂತಿದ್ದಳು. ಕೊಡ ಸೊಂಟಕ್ಕಿಟ್ಟುಕೊಂಡು ಅವರ ಮುಂದೆಯೇ ಬಂದು, ಪೈಪಿಗೆ ಕೈ ತಾಗದ ಹಾಗೆ ದೂರ ನಿಂತು ಗುಂಡಿಗೆ ಹುಯ್ದೆ. ಮಣ್ಣು ಬುಸ್ ಅಂತ ಎಲ್ಲವನ್ನೂ ಕುಡಿಯಿತು. ಕೋಣೆಯಲ್ಲಿ ಕೀ ಸದ್ದು ನಿಂತಿತು. ಕಿಟಕಿ ಸರಳಿನ ಮೇಲೆ ಸ್ಕ್ರೂಡ್ರೈವರ್ ಗೀಚಿತು. ಎರಡು ಗೀಚು, ಮೂರು ಕುಟ್ಟು. ಮೂರು ಕುಟ್ಟು, ಎರಡು ಗೀಚು. ಸೆವೆಂಟಿ ತ್ರೀ, ಒಳ್ಳೇದಾಗಲಿ ಅಂತ. ಅಷ್ಟು ಬಡಿದು ಅವನು ಕಾದ. ನಾನು ಆರ್ ಕೊಡಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಎರಡನೇ ಸಲ ಬಾವಿಗೆ ಹೋದೆ.